ನಿಮ್ಮೂರ ಲಾರಿ ಯಾರ ಮನೇಲಿದೆ?

ಆಗಸ್ಟ್ ಬಂತೆಂದರೆ ಅಮೆರಿಕದ ಮಿಶಿಗನ್‌ನಲ್ಲಿ ಹಳೇ ಗಾಡಿಗಳಿಗೆ ಹಬ್ಬ. 25 ವರ್ಷ ದಾಟಿದ ಗಾಡಿಗೆ ಇಲ್ಲಿ ಹಿಸ್ಟಾರಿಕ್ ನಂಬರ್ ಪ್ಲೇಟ್ ಸಿಗುತ್ತದೆ. ಆ ಪ್ಲೇಟಿನ ಗಾಡಿ ಬೇರೆ ತಿಂಗಳಲ್ಲಿ ಮೆರವಣಿಗೆ, ಪ್ರದರ್ಶನ, ಕ್ಲಬ್ಬಿನ ಕೂಟ ಇಂಥದ್ದಕ್ಕಷ್ಟೇ ರಸ್ತೆಗಿಳಿಯಬಹುದು. ಆಗಸ್ಟ್‌ನಲ್ಲಿ ಈ ಕಟ್ಟಿಲ್ಲ. ಲ್ಯಾನ್ಸಿಂಗ್‌ನ ನಮ್ಮ ಬೀದಿಯಲ್ಲೊಂದು ಎಂ35ಎ2 ಇದೆ: ಆರು ಚಕ್ರಕ್ಕೂ ಎಂಜಿನ್ ಬಲ ಹೋಗುವ, ಖಾಲಿಯಿದ್ದಾಗಲೇ ಆರು ಟನ್ನಿನಷ್ಟು ತೂಗುವ ಸೇನೆಯ ಲಾರಿ. 1950ರಲ್ಲಿ ಮೊದಲ ಎಂ35ಗಳನ್ನು ಕಟ್ಟಿದ್ದು ಇದೇ ಊರಿನ ರಿಯೋ ಕಾರ್ಖಾನೆ. ಹಾಗಾಗಿ ಮಾಲೀಕರ ಹನ್ನೊಂದು ವರ್ಷದ ಮಗಳಿಗೆ ಅದು 'ನಮ್ಮೂರ ಲಾರಿ'. ಹೋದ ವಾರ ಅದರ ಬ್ರೇಕ್ ಕೆಲಸ ನಡೆಯುತ್ತಿತ್ತು. ನಟ್‌ಗಳನ್ನು ಹಳೇ ಡಬ್ಬಿಗೆ ಹಾಕುತ್ತಾ ಆ ಹುಡುಗಿ ಕೇಳಿದಳು: "ನಿಮ್ಮೂರ ಮಿಲಿಟರಿ ಲಾರಿ ಯಾರ ಮನೇಲಿದೆ?"

ಆ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಬ್ರೇಕು. ಈ ಲಾರಿ ಕೊಳ್ಳುವವರು ಬಣ್ಣಕ್ಕೆ ದುಡ್ಡು ಸುರಿದು ಬ್ರೇಕನ್ನು ಮರೆಯುತ್ತಾರೆ. ಅದು ಜೀವಕ್ಕೇ ಕುತ್ತು.

ಎಂ35ಎ2ಗೆ ಇರುವುದು ಒಂದೇ ಬ್ರೇಕ್ ಸರ್ಕ್ಯೂಟ್. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನ ಎಣ್ಣೆ ಏರ್‌ಪ್ಯಾಕ್‌ಗೆ ಬರುತ್ತದೆ. ಅಲ್ಲಿ ಗಾಳಿಯ ಒತ್ತಡ ಸೇರಿ, ಬಲ ಹೆಚ್ಚಿದ ಎಣ್ಣೆ ಆರೂ ಚಕ್ರಗಳಿಗೆ ಹೋಗುತ್ತದೆ. ಎಲ್ಲೋ ಒಂದು ಚಕ್ರದ ಸಿಲಿಂಡರ್ ಸೋರಿದರೂ, ಒಂದು ಹೋಸ್ ಒಡೆದರೂ ಆರೂ ಚಕ್ರದ ಬ್ರೇಕ್ ಒಟ್ಟಿಗೇ ಹೋಯಿತು. ಉಳಿಯುವುದು ಟ್ರಾನ್ಸ್‌ಫರ್ ಕೇಸಿನ, ಅಂದರೆ ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ, ಹಿಂದಿನ ಡ್ರಮ್ಮನ್ನು ಹಿಡಿಯುವ ಹ್ಯಾಂಡ್‌ಬ್ರೇಕ್ ಮಾತ್ರ. ಇಳಿಜಾರಲ್ಲಿ ಅದನ್ನು ನಂಬಬಾರದು. ಬ್ರೇಕಿಗೆ ಬಲ ಕೊಡುವ ಗಾಳಿಯ ಒತ್ತಡ 60 ಪಿಎಸ್‌ಐ ದಾಟುವ ತನಕ, ಎಚ್ಚರಿಕೆಯ ಬಜರ್ ನಿಲ್ಲುವ ತನಕ ಗಾಡಿ ಅಲುಗಿಸಲೇಬಾರದು.

ಚಕ್ರ ಬಿಚ್ಚುವಾಗಲೇ ಹೊಸಬರು ಎಡವುತ್ತಾರೆ. ಎಡಗಡೆಯ ಚಕ್ರಗಳ ನಟ್‌ಗಳಿಗೆ ಉಲ್ಟಾ ಥ್ರೆಡ್, ಸಡಿಲಿಸಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಗೊತ್ತಿಲ್ಲದವರು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಇನ್ನಷ್ಟು ಬಿಗಿಮಾಡಿ ಸ್ಟಡ್ಡನ್ನೇ ಮುರಿಯುತ್ತಾರೆ. ಹಿಂದಿನ ಜೋಡಿ ಚಕ್ರದಲ್ಲಿ ನಟ್ಟಿನೊಳಗೆ ನಟ್ಟು: ಹೊರಗಿನದಕ್ಕೆ ಒಂದೂವರೆ ಇಂಚಿನ ಸಾಕೆಟ್, ಒಳಗಿನದಕ್ಕೆ 13/16 ಇಂಚಿನ ಚೌಕದ ಸಾಕೆಟ್ ಬೇಕು. ಟೈರನ್ನು ರಿಮ್ಮಿನಿಂದ ಬಿಡಿಸುವುದಾದರೆ ಮೊದಲು ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಡಿ. ಇದು ಲಾಕ್ ರಿಂಗ್ ಇರುವ ರಿಮ್ಮು. ಒಳಗೆ ಗಾಳಿ ಉಳಿದಿದ್ದರೆ ರಿಂಗ್ ಹಾರಿ ಆಳನ್ನೇ ಕೊಲ್ಲುತ್ತದೆ. ಮತ್ತೆ ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಬೇಕು, ನೀವು ದೂರವಿರಬೇಕು.

ಬ್ರೇಕ್ ಡ್ರಮ್ ಇರುವುದು ಹಬ್ಬಿನ (ಚಕ್ರ ಕೂರುವ ನಡುಭಾಗದ) ಒಳಬದಿಗೆ. ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್ ನೋಡಬೇಕೆಂದರೂ ಆಕ್ಸಲ್ ಶಾಫ್ಟ್ ಎಳೆದು, ಹೊರನಟ್ಟು, ಲಾಕ್ ವಾಷರ್, ಒಳನಟ್ಟು ಬಿಚ್ಚಿ ಹಬ್ಬನ್ನೇ ಇಳಿಸಬೇಕು. ಇಳಿಸಿದ ಮೇಲೆ ಹಳೇ ಸೀಲುಗಳನ್ನು ತಿರುಗಿ ಹಾಕಬೇಡಿ. ಆ ಸೀಲು ಸೋತಾಗಲೇ ಡಿಫರೆನ್ಷಿಯಲ್ಲಿನ ಗೇರ್ ಆಯಿಲ್ ಡ್ರಮ್ಮಿಗೆ ಬರುವುದು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವುದು ವ್ಯರ್ಥ: ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ, ಲಾರಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಜೋಡಿಸುವಾಗ ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ಒಳನಟ್ಟು ಬಿಗಿಮಾಡಿ, ಆಮೇಲೆ ತುಸು ಸಡಿಲಿಸಿ ಲಾಕ್ ಮಾಡಬೇಕು.

ಬ್ರೇಕ್ ಎಣ್ಣೆಯ ವಿಷಯ. ಅಮೆರಿಕದ ಸೇನೆ 1980ರ ದಶಕದ ಆರಂಭದಲ್ಲಿ ಸಿಲಿಕೋನ್ ಎಣ್ಣೆಗೆ, ಅಂದರೆ ಡಾಟ್ 5ಕ್ಕೆ ಬದಲಾಯಿತು. ಡಾಟ್ 3, ಡಾಟ್ 4 ಅದರ ಜೊತೆ ಬೆರೆಯುವುದಿಲ್ಲ. ಡಾಟ್ 5 ನೀರನ್ನು ಹೀರುವುದಿಲ್ಲ, ಬಣ್ಣ ಕೆಡಿಸುವುದಿಲ್ಲ. ಆದರೆ ಹೇಗೋ ಒಳಸೇರಿದ ನೀರು ಅದರಲ್ಲಿ ಕರಗದೆ ತಗ್ಗಿನಲ್ಲೇ ನಿಂತು ಚಕ್ರದ ಸಿಲಿಂಡರಿನಲ್ಲಿ ತುಕ್ಕಿನ ಕುಳಿ ಕೊರೆಯುತ್ತದೆ. ಆ ಕುಳಿ ಎಣ್ಣೆ ತಡೆಯುವ ರಬ್ಬರ್ ಕಪ್ಪನ್ನು ಹರಿದುಹಾಕುತ್ತದೆ. ಉಗುರಿಗೆ ತಾಗುವಷ್ಟು ಕುಳಿಯಿದ್ದರೆ ಸಿಲಿಂಡರನ್ನೇ ಬದಲಿಸಿ. ಎಣ್ಣೆಯ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವಾಗ ಮೊದಲು ಏರ್‌ಪ್ಯಾಕ್, ಆಮೇಲೆ ಅತಿ ದೂರದ ಹಿಂಚಕ್ರದಿಂದ ಮುಂದಕ್ಕೆ. ಮಾಸ್ಟರ್ ಸಿಲಿಂಡರಿನ ಮುಚ್ಚಳ ಡ್ರೈವರಿನ ಕಾಲಡಿ, ಕ್ಯಾಬಿನ್ ನೆಲದ ಕೆಳಗೆ ಅಡಗಿದೆ. ಅದನ್ನು ತೆರೆದು ನೋಡದೆಯೇ ವರ್ಷಗಟ್ಟಲೆ ಓಡಿಸಿದವರಿದ್ದಾರೆ.

ಇಷ್ಟೆಲ್ಲ ಮಾಡಲು ಇಲ್ಲಿ ಸಾಧ್ಯ, ಏಕೆಂದರೆ ಸೇನೆಯ ರಿಪೇರಿ ಕೈಪಿಡಿಗಳು ಯಾರಿಗೂ ಸಿಗುತ್ತವೆ, ಭಾಗಗಳು ಸಿಗುತ್ತವೆ, ಸರ್ಕಾರದ ಕಾನೂನಿನಲ್ಲಿ ಹಳೇ ಲಾರಿಗೊಂದು ಜಾಗವಿದೆ.

ಈಗ ಹುಡುಗಿಯ ಪ್ರಶ್ನೆ. ನಮ್ಮದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್‌ಪುರದಲ್ಲಿ ತಯಾರಾಗಿ, 1990ರ ದಶಕದವರೆಗೂ ಬಂದ ಲಾರಿ. 1965, 1971ರ ಯುದ್ಧಗಳಲ್ಲಿ ಸಾಮಾನು ಹೊತ್ತದ್ದು ಇದು. ಸೇನೆಗೆ ದಿನಸಿ, ಇಂಧನ ಮುಟ್ಟಿಸುವ ಆರ್ಮಿ ಸರ್ವಿಸ್ ಕೋರಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಹಾಗಾಗಿ ಬೆಂಗಳೂರಿನ ಹಳಬರಿಗೆ ಆ ಉದ್ದ ಮೂತಿ, ಮೇಲೆ ಬಿಗಿದ ಹಸಿರು ಟಾರ್ಪಾಲು, ನಂಬರಿನ ಮೊದಲಿಗೆ ಮೇಲ್ಮುಖದ ಬಾಣ, ಸಾಲಾಗಿ ಹೋಗುವಾಗಿನ ಡೀಸೆಲ್ ವಾಸನೆ ಇನ್ನೂ ನೆನಪಿರಬಹುದು.

ಸೇನೆ ಬಿಟ್ಟ ಮೇಲೆ ಅವು ಹರಾಜಾದವು, ಗ್ಯಾಸ್ ಕಟರಿಗೆ ಹೋದವು. ಇಟ್ಟುಕೊಳ್ಳುವ ಮನಸ್ಸಿದ್ದವರಿಗೂ ದಾರಿ ಕಷ್ಟ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮ ಒಳ್ಳೆಯದೇ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಮಹಾರಾಜರ ಕಾರಿಗೆ ಜಾಗವಿದೆ, ಗಡಿಗೆ ಅಕ್ಕಿ ಹೊತ್ತ ಲಾರಿಗಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ. ಲಾರಿಗಳನ್ನೂ ಆ ನಿಯಮದೊಳಗೆ ತರಬೇಕು.

ಅಲ್ಲಿಯ ತನಕ, ನಿಮ್ಮೂರಿನ ಗುಜರಿ ಅಂಗಡಿಯಲ್ಲೋ ಮರದ ಡಿಪೋ ಹಿಂದೆಯೋ ಶಕ್ತಿಮಾನ್ ಕಂಡರೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಲು ಹೋಗಬೇಡಿ. ಇಂಜೆಕ್ಟರ್‌ಗಳನ್ನು ಬಿಚ್ಚಿ, ಆರೂ ಸಿಲಿಂಡರಿಗೆ ಡೀಸೆಲ್ ಬೆರೆಸಿದ ಎಂಜಿನ್ ಆಯಿಲನ್ನು ಎರಡೆರಡು ಚಮಚ ಬಿಟ್ಟು, ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ. ಕತ್ತರಿಸುವುದು ತಪ್ಪದೇ ಹೋದರೂ, ಚಾಸಿ ನಂಬರ್ ಬರೆದಿರುವ ತಗಡಿನ ಪ್ಲೇಟಿನದೊಂದು ಫೋಟೋ ತೆಗೆದು ಕಳಿಸಿ. ಪಕ್ಕದ ಮನೆಯ ಹುಡುಗಿಗೆ ತೋರಿಸಬೇಕು.