ಕುಕ್ಕರ್ ಕೂಗಿದರೂ ಅಣಬೆ ಬೀಜ ಹುಳಿ ಬರುವುದು ಯಾಕೆ?

ಉಡುಪಿ ಕಡೆ ಮನೆಯಲ್ಲೇ ಅಣಬೆ ಬೀಜ ಮಾಡಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಮಾರಾಯ್ರೆ, ಜೋಳ ಬೇಯಿಸಿ, ಕವರಿಗೆ ತುಂಬಿಸಿ, ಒಂದೂವರೆ ಗಂಟೆ ಕುಕ್ಕರಿನಲ್ಲಿ ಇಟ್ಟಿದ್ದೇನೆ. ಆದ್ರೂ ವಾರ ಆಗುವ ಮೊದಲೇ ಹುಳಿ ವಾಸನೆ. ನಮ್ಮ ಕುಕ್ಕರ್ ಸರಿ ಇಲ್ವಾ?"

ಕುಕ್ಕರ್ ಸರಿಯೇ ಇರುತ್ತದೆ. ಹೆಚ್ಚಿನ ಸಲ ತೊಂದರೆ ಆಗುವುದು ಅದಕ್ಕೂ ಮೊದಲು, ಕಾಳಿನ ಮೈಮೇಲೆ ಉಳಿದ ನೀರಿನಿಂದ. ಅಣಬೆಗೆ ಬೇಕಾದ ನೀರು ಕಾಳಿನ ಒಳಗೆ ಇರಬೇಕು. ಹೊರಗೆ ಇರಬಾರದು. ನನ್ನ ಉತ್ತರ ಇಷ್ಟೇ, ಉಳಿದದ್ದು ಅದರ ವಿವರ.

ಹೊಸಬರಿಗೆ ಒಂದು ಮಾತು. ಅಣಬೆಗೆ ನಿಜವಾದ ಬೀಜ ಇಲ್ಲ. ಬೇಯಿಸಿದ ಕಾಳಿನ ಮೇಲೆ ಅಣಬೆಯ ಬಿಳಿ ಎಳೆಗಳನ್ನು ಹಬ್ಬಿಸಿ, ಅದನ್ನೇ ಬೀಜ ಅನ್ನುತ್ತೇವೆ. ಆಮೇಲೆ ಅದನ್ನು ಬೈಹುಲ್ಲಿನ ಚೀಲಕ್ಕೆ ಹಾಕುವುದು. ಹೀಗೆ ಕಾಳಿನ ಮೇಲೆ ಬೆಳೆಸುವ ಕ್ರಮಕ್ಕೆ ಅಮೆರಿಕದ ಜೇಮ್ಸ್ ಸಿಂಡೆನ್ 1932ರಲ್ಲಿ ಪೇಟೆಂಟ್ ಪಡೆದರು. ಒಂದೊಂದು ಕಾಳಿನಿಂದಲೂ ಎಳೆ ಹೊರಡುತ್ತದೆ, ಹಾಗಾಗಿ ಹುಲ್ಲು ಬೇಗ ತುಂಬುತ್ತದೆ.

ಕಾಳು ಯಾವುದು? ನಾನು ಹೇಳುವುದು ಬಿಳಿ ಜೋಳ. ಉರುಟು ಕಾಳು, ಸಿಪ್ಪೆ ಗಟ್ಟಿ, ಒಂದಕ್ಕೊಂದು ಅಂಟುವುದು ಕಡಿಮೆ. ಗೋಧಿಯೂ ಆಗುತ್ತದೆ. ಕುಚ್ಚಲಕ್ಕಿ ಆಗ್ತದಾ ಅಂತ ನಮ್ಮವರು ಕೇಳುತ್ತಾರೆ. ಅದು ಬೆಂದರೆ ಅಂಟುತ್ತದೆ, ಬೇಡ. ಭತ್ತ ಆದರೆ ಅಡ್ಡಿಯಿಲ್ಲ. ಆದರೆ ಯಾವ ಕಾಳಾದರೂ ಬಿತ್ತನೆಗೆ ಅಂತ ಮಾರುವುದನ್ನು ತರಬೇಡಿ. ಅದಕ್ಕೆ ಬೂಷ್ಟು ಬಾರದ ಹಾಗೆ ಔಷಧಿ ಹಚ್ಚಿರುತ್ತಾರೆ. ಅಣಬೆಯೂ ಬೂಷ್ಟಿನ ಬಳಗದ್ದೇ ಅಲ್ವಾ, ಏಳುವುದೇ ಇಲ್ಲ. ದಿನಸಿ ಅಂಗಡಿಯ ಜೋಳ ಸಾಕು.

ಚೆನ್ನಾಗಿ ತೊಳೆದು, ತೇಲಿದ ಜೊಳ್ಳು ತೆಗೆದು, ರಾತ್ರಿ ನೆನೆಹಾಕಿ. ನೆನೆದಾಗ ಕಾಳಿನ ನಡುವಿನವರೆಗೆ ನೀರು ಹೋಗುತ್ತದೆ. ಇನ್ನೊಂದು ಉಪಕಾರವೂ ಇದೆ. ಕಾಳಿನಲ್ಲಿ ಬ್ಯಾಕ್ಟೀರಿಯಾದ ಗಟ್ಟಿ ಬೀಜಾಣುಗಳು ಮಲಗಿರುತ್ತವೆ. ಅವು ಕುದಿಯುವ ನೀರಿನ ಬಿಸಿಗೂ ಸಾಯುವುದಿಲ್ಲ. ನೆನೆದಾಗ ಅವುಗಳಲ್ಲಿ ಒಂದಷ್ಟು ಎಚ್ಚರಗೊಳ್ಳುತ್ತವೆ, ಎಚ್ಚರಗೊಂಡವು ಬಿಸಿಗೆ ಬೇಗ ಸಾಯುತ್ತವೆ. ಹಾಗಂತ ಎರಡು ದಿನ ಬಿಡಬೇಡಿ. ನಮ್ಮ ಸೆಕೆಗೆ ನೀರೇ ಹುಳಿ ಬರುತ್ತದೆ.

ಬೆಳಿಗ್ಗೆ ಹೊಸ ನೀರಿನಲ್ಲಿ 15ರಿಂದ 20 ನಿಮಿಷ ಬೇಯಿಸಿ. ಗಡಿಯಾರಕ್ಕಿಂತ ಕಾಳನ್ನು ನೋಡಿ. ಒಂದು ಕಾಳು ತೆಗೆದು ಎರಡು ಉಗುರಿನ ನಡುವೆ ಒತ್ತಿ. ಮೆತ್ತಗೆ ಚಪ್ಪಟೆ ಆಗಬೇಕು, ನಡುವೆ ಹಿಟ್ಟಿನಂಥ ಒಣ ಚುಕ್ಕೆ ಕಾಣಬಾರದು. ಸಿಪ್ಪೆ ಮಾತ್ರ ಒಡೆದಿರಬಾರದು. ಅಲ್ಲೊಂದು ಇಲ್ಲೊಂದು ಒಡೆದರೆ ಚಿಂತೆ ಇಲ್ಲ. ಗಂಜಿಯ ಅಕ್ಕಿಯ ಹಾಗೆ ಎಲ್ಲ ಅರಳಿದರೆ ಒಳಗಿನ ಹಿಟ್ಟು ಹೊರಬಂದು ಕಾಳೆಲ್ಲ ಮುದ್ದೆಯಾಗುತ್ತದೆ. ಅಂಥದ್ದನ್ನು ದನಕ್ಕೋ ಕೋಳಿಗೋ ಹಾಕಿ ಬಿಡಿ.

ಇನ್ನು ಬಸಿಯುವುದು. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಪುಸ್ತಕಗಳಲ್ಲಿ 'ಅರ್ಧ ಗಂಟೆ ಆರಲು ಬಿಡಿ' ಅಂತ ಇರುತ್ತದೆ. ಒಣ ಹವೆಯ ಊರಿಗೆ ಆ ಮಾತು ಸರಿ. ಆಟಿ ತಿಂಗಳ ಮಳೆಯಲ್ಲಿ ಮೈ ಒರೆಸುವ ಬೈರಾಸೇ ಎರಡು ದಿನಕ್ಕೆ ಒಣಗದ ನಮ್ಮ ಊರಿನಲ್ಲಿ ಅರ್ಧ ಗಂಟೆಗೆ ಏನೂ ಆಗುವುದಿಲ್ಲ. ಹಾಗಾಗಿ ಬಿಸಿಬಿಸಿ ಇರುವಾಗಲೇ ಬಸಿಯಿರಿ. ತಣ್ಣೀರು ಹೊಯ್ಯಬೇಡಿ. ಕೂಡಲೇ ಒಗೆದ ಹತ್ತಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಫ್ಯಾನ್ ಹಾಕಿ. ಕಾಳಿನ ಬಿಸಿಯೇ ಮೈಮೇಲಿನ ನೀರನ್ನು ಹಬೆ ಮಾಡಿ ಹೊರಗೆ ಕಳಿಸುತ್ತದೆ. ಆಗಾಗ ಕೈಯಲ್ಲಿ ಮಗುಚುತ್ತಾ ಇರಿ. ಮಳೆಗಾಲದಲ್ಲಿ ನಡುವೆ ಬಟ್ಟೆಯನ್ನೇ ಬದಲಿಸಬೇಕಾಗುತ್ತದೆ.

ಸಾಕೋ ಇಲ್ಲವೋ ಅಂತ ತಿಳಿಯಲು ಒಂದು ಮುಷ್ಟಿ ಜೋಳವನ್ನು ಒಣ ಪೇಪರಿನ ಮೇಲೆ ಹಾಕಿ, ಅಂಗೈಯಲ್ಲಿ ಒತ್ತಿ ಎತ್ತಿ. ಪೇಪರಿನಲ್ಲಿ ಒದ್ದೆ ಗುರುತು ಬಿದ್ದರೆ ಇನ್ನೂ ಆರಬೇಕು. ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. 1 ಕೆಜಿ ಒಣ ಜೋಳ ಬೆಂದು ಆರಿದ ಮೇಲೆ ಸುಮಾರು 1.6ರಿಂದ 1.75 ಕೆಜಿ ತೂಗಬೇಕು. ಅಂದರೆ ಕಾಳಿನಲ್ಲಿ ನೀರು ಶೇಕಡಾ 45ರಿಂದ 50. ಜಾಸ್ತಿ ತೂಗಿದರೆ ಇನ್ನೂ ಹೊತ್ತು ಹರಡಿಡಿ. ಕಡಿಮೆ ತೂಗಿದರೆ ಒಳಗೆ ನೀರು ಸಾಲದು.

ಮೈ ಒದ್ದೆ ಇದ್ದರೆ ಆಗುವುದೇನು? ಕಾಳು ಕಾಳಿನ ನಡುವಿನ ಸಂದಿಯಲ್ಲಿ ಗಾಳಿಯ ಬದಲು ನೀರು ತುಂಬುತ್ತದೆ. ಅಣಬೆಗೂ ಉಸಿರು ಬೇಕು. ಎಳೆ ಮುಂದೆ ಹೋಗುವುದಿಲ್ಲ. ಕುಕ್ಕರಿನ ಬಿಸಿಯಲ್ಲೂ ಉಳಿದ ಬ್ಯಾಕ್ಟೀರಿಯಾ ಆ ನೀರಿನಲ್ಲಿ ಸುಲಭವಾಗಿ ಹರಡುತ್ತದೆ. ನಿಮಗೆ ಬರುವ ಹುಳಿ ವಾಸನೆ ಅದರದ್ದೇ.

ಆರಿದ ಜೋಳಕ್ಕೆ ಕೆಜಿಗೆ 20 ಗ್ರಾಂ ಜಿಪ್ಸಂ, ಸುಮಾರು 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ. ಜಿಪ್ಸಂ ಇದ್ದರೆ ಕಾಳು ಬಿಡಿಬಿಡಿಯಾಗಿ ಉಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕಾಳು ಹುಳಿ ಆಗುವುದನ್ನು ತಡೆಯುತ್ತದೆ. ಎಲೆಯಡಿಕೆಗೆ ಹಾಕುವ ಸುಣ್ಣ ಬೇರೆ, ಅದನ್ನು ಹಾಕಬೇಡಿ.

ಕವರ್ ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದ್ದೇ ಆಗಬೇಕು. ಮಾಮೂಲಿ ಪ್ಲಾಸ್ಟಿಕ್ ಕುಕ್ಕರಿನಲ್ಲಿ ಕರಗುತ್ತದೆ. ಮುಕ್ಕಾಲಿಗಿಂತ ಕಡಿಮೆ ತುಂಬಿಸಿ. ಬಾಯಿಗೆ ಪೈಪಿನ ತುಂಡು ಹಾಕಿ ಹತ್ತಿಯ ಬಿರಡೆ ಕೊಡಿ. ಮೆಡಿಕಲ್ ಅಂಗಡಿಯ ಗಾಯದ ಹತ್ತಿ ನೀರು ಹೀರುತ್ತದೆ, ಆಗುವುದಿಲ್ಲ. ಹಾಸಿಗೆಗೆ ತುಂಬುವ ಹತ್ತಿ ತನ್ನಿ. ಅದರ ಮೇಲೆ ಪೇಪರ್ ಕಟ್ಟಿ, ಕುಕ್ಕರಿನ ಹಬೆ ನೀರು ತೊಟ್ಟಿಕ್ಕದ ಹಾಗೆ. ಕುಕ್ಕರಿನ ತಳದಲ್ಲಿ ಸ್ಟ್ಯಾಂಡ್ ಇಡಿ, ಕವರ್ ತಳಕ್ಕೆ ತಾಗಬಾರದು. ಮೊದಲ ವಿಸಲ್ ಆದ ಮೇಲೆ ಉರಿ ಸಣ್ಣ ಮಾಡಿ ಒಂದೂವರೆ ಗಂಟೆ. ಒಳಗೆ ಸುಮಾರು 121 ಡಿಗ್ರಿ ಬಿಸಿ ಅಷ್ಟು ಹೊತ್ತು ನಿಲ್ಲಬೇಕು, ಅದಕ್ಕೇ ಬರೀ ಇಡ್ಲಿ ಅಟ್ಟದ ಹಬೆ ಸಾಲದು. ನೀರು ಬತ್ತದ ಹಾಗೆ ಮೊದಲೇ ಸಾಕಷ್ಟು ಹಾಕಿರಿ.

ಆಫ್ ಮಾಡಿದ ಕೂಡಲೇ ಮುಚ್ಚಳ ತೆಗೆಯಬೇಡಿ. ಕವರ್ ತಣ್ಣಗಾಗುವಾಗ ಹತ್ತಿಯ ಮೂಲಕ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹತ್ತಿ ಒದ್ದೆ ಆಗಿದ್ದರೆ ಆ ಕವರನ್ನು ಬದಿಗಿಡಿ. ನಮ್ಮ ಹವೆಯಲ್ಲಿ ಒದ್ದೆ ಹತ್ತಿಗೆ ಕಿತ್ತಳೆ ಬಣ್ಣದ ಬೂಷ್ಟು ಬಹಳ ಬೇಗ ಹಿಡಿಯುತ್ತದೆ.

ಪೂರ್ತಿ ತಣಿದ ಮೇಲೆ, ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಉರಿಯುವ ದೀಪದ ಹತ್ತಿರ ಮೂಲ ಬೀಜ, ಅಂದರೆ ಮೊದಲೇ ಎಳೆ ಹಬ್ಬಿಸಿಟ್ಟ ಬೀಜ, ಹಾಕಿ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗದೆ ದೀಪದ ಹತ್ತಿರ ಹೋಗಬೇಡಿ. ಮೂಲ ಬೀಜ ಒಳ್ಳೆಯ ಕಡೆಯಿಂದ ತನ್ನಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಮೂರರಲ್ಲೊಂದು ಪಾಲು ಬಿಳಿ ಹಬ್ಬಿದಾಗ ಒಮ್ಮೆ ಮೆಲ್ಲ ಕುಲುಕಿ, ಎಳೆ ಎಲ್ಲ ಕಡೆ ಹೋಗುತ್ತದೆ. ಚಿಪ್ಪಣಬೆಗೆ (ಆಯ್ಸ್ಟರ್) 25 ಡಿಗ್ರಿ ಹತ್ತಿರ ಇದ್ದರೆ ಖುಷಿ, ಎರಡು ಮೂರು ವಾರಕ್ಕೆ ಕವರ್ ಪೂರ್ತಿ ಬಿಳಿ. ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಅದಕ್ಕೆ ಹಟ ಮಾಡುವ ಬದಲು ಹಾಲಣಬೆ (ಮಿಲ್ಕಿ) ಮಾಡಿ. ಅದಕ್ಕೆ 30ರಿಂದ 35 ಡಿಗ್ರಿಯೇ ಬೇಕು. ಕಾಳು ತಯಾರಿಸುವ ಕ್ರಮ ಎರಡಕ್ಕೂ ಒಂದೇ.

ಕಾಡಿನ ಕಲ್ಲಣಬೆಯನ್ನು ಜೋಳದಲ್ಲಿ ಬೆಳೆಸಬಹುದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ಅದು ಜೀವಂತ ಮರದ ಬೇರಿನ ಜೊತೆಗೇ ಬದುಕುವಂಥದ್ದು.

ಹುಳಿ ಬಂದ ಅಥವಾ ಹಸಿರು ಬೂಷ್ಟು ಬಂದ ಕವರನ್ನು ಮನೆಯೊಳಗೆ ಬಿಚ್ಚಬೇಡಿ. ಬಿಚ್ಚಿದರೆ ಬೂಷ್ಟಿನ ಧೂಳು ಎಲ್ಲ ಕಡೆ ಹಾರಿ ಮುಂದಿನ ಸಲದ್ದೂ ಹೋಗುತ್ತದೆ. ಹಾಗೇ ಮುಚ್ಚಿದ್ದನ್ನು ಇನ್ನೊಮ್ಮೆ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಜೋಳವನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.