ಕುಕ್ಕರಿನ ಎರಡು ಕೂಗಿನ ನಡುವೆ

"ಎಷ್ಟು ಹೊತ್ತು ಇತ್ತು?" ಎಂದು ಡಾಕ್ಟರು ಕೇಳಿದರು.

"ಹದಿನೈದು ನಿಮಿಷವಾದರೂ ಇದ್ದೀತು" ಎಂದೆ. ನನ್ನ ದನಿಯಲ್ಲಿ ಸಂಶಯವೇ ಇರಲಿಲ್ಲ. ಸಾಗರದ ಒಂದು ಸಹಕಾರ ಸಂಘದಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವವಳು ನಾನು. ಸಂಜೆ ಐದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೊರಡುವವಳಲ್ಲ. ಆದರೆ ಆ ರಾತ್ರಿ ನಾನು ಕೊಟ್ಟ ಲೆಕ್ಕ ಶುದ್ಧ ತಪ್ಪು.

ಆಷಾಢದ ಮಳೆ ಹಿಡಿದುಕೊಂಡಿತ್ತು. ಯಜಮಾನರು ಊರಿನ ತೋಟಕ್ಕೆ ಹೋಗಿ ಎರಡು ದಿನವಾಗಿತ್ತು. ಅಡಿಕೆಗೆ ಕೊಳೆ ಬೀಳುವ ಕಾಲ. ಮಳೆ ಸ್ವಲ್ಪ ಹೊಳವು ಕೊಟ್ಟಾಗಲೇ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವ ಕೊನೆಗಾರ ಸಿಕ್ಕಿದ ದಿನವೇ ಮುಹೂರ್ತ. ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ಒಂದನೇ ತರಗತಿಗೆ ಹೋಗುವ ಮಗಳು ಆ ವರ್ಷ ಶಾಲೆಯಿಂದ ಅಕ್ಷರಕ್ಕಿಂತ ಹೆಚ್ಚಾಗಿ ನೆಗಡಿಯನ್ನೇ ಹೊತ್ತು ತಂದಳು. ತಾನು ನಾಲ್ಕು ದಿನ ಮಲಗಿ, ಐದನೆಯ ದಿನ ಕುಣಿಯಲು ಶುರು ಮಾಡಿ, ಜ್ವರವನ್ನು ತಮ್ಮನಿಗೆ ದಾಟಿಸಿದಳು. ಅವನಿಗೆ ಆಗ ಒಂದು ವರ್ಷ ಎಂಟು ತಿಂಗಳು. ಮಳೆಗಾಲದಲ್ಲಿ ನಮ್ಮ ಮನೆಯ ಕಿಟಕಿಕಟ್ಟೆ ಹೇಗಿರುತ್ತದೆ ಎಂದರೆ ಅಂಟಂಟಾದ ಔಷಧಿ ಬಾಟಲಿಗಳು, ಅವುಗಳ ಸುತ್ತ ಇರುವೆ ಸಾಲು. ಅದರಲ್ಲಿ ಯಾವುದು ಯಾರದು ಎಂಬುದು ನನಗೆ ಮಾತ್ರ ಗೊತ್ತು ಎಂಬ ಜಂಬ ನನಗಿತ್ತು.

ಸಂಜೆ ಏಳು ಗಂಟೆಯ ಸುಮಾರಿಗೆ ಕರೆಂಟ್ ಹೋಯಿತು. ಮಗು ತೊಡೆಯ ಮೇಲೆ ಮಲಗಿತ್ತು. ಅರ್ಧ ಗಂಟೆ ಮೊದಲು ನೋಡಿದಾಗ 102.6 ಇತ್ತು, ಔಷಧಿ ಕೊಟ್ಟಿದ್ದೆ. ಅತ್ತೆ ಒಳಗೆ ಅನ್ನಕ್ಕೆ ಇಟ್ಟಿದ್ದರು. ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಅವನ ಕಾಲು ಒಮ್ಮೆ ಜಾಡಿಸಿದಂತಾಯಿತು. ಕನಸು ಕಂಡನೇನೋ ಎಂದುಕೊಂಡೆ. ಮುಖ ನೋಡಿದರೆ ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು, ಬಿಳಿ ಮಾತ್ರ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದ. ಎರಡೂ ಕೈ ಒಂದೇ ತಾಳದಲ್ಲಿ ಅದುರುತ್ತಿದ್ದವು. ತುಟಿಯ ಸುತ್ತ ನೇರಳೆ ಹಣ್ಣು ತಿಂದವರ ಬಣ್ಣ. ಕರೆದೆ, ಅಲುಗಿಸಿದೆ, ಕೆನ್ನೆ ತಟ್ಟಿದೆ. ನನ್ನ ಮಗು ಅಲ್ಲೇ ಇತ್ತು, ನನ್ನ ಕೂಗು ಮಾತ್ರ ಅವನನ್ನು ಮುಟ್ಟುತ್ತಿರಲಿಲ್ಲ.

ಅತ್ತೆ ಓಡಿ ಬಂದವರು ಬೀರುವಿನ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಪಕ್ಕದ ಮನೆಯ ಅಜ್ಜಿ ನನ್ನ ಕೂಗಿಗೆ ಬಂದು "ಬಾಲಗ್ರಹ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯಿರಿ" ಎಂದರು. ನಾನೋ, ಎಂ.ಕಾಂ. ಓದಿದವಳು, ಮೂಢನಂಬಿಕೆ ಎಂದರೆ ಮೂಗು ಮುರಿಯುವವಳು, ಔಷಧಿಯ ಪಕ್ಕದಲ್ಲಿದ್ದ ಸ್ಟೀಲ್ ಚಮಚ ತೆಗೆದು ಅವನ ಹಲ್ಲಿನ ನಡುವೆ ತೂರಿಸಲು ನೋಡಿದೆ. ನಾಲಿಗೆ ಕಚ್ಚಿಕೊಂಡಾನು ಎಂದು ಎಲ್ಲೋ ಕೇಳಿದ್ದೆ. ಚಮಚ ಒಸಡಿಗೆ ತಾಗಿ ರಕ್ತ ಬಂತು. ಆ ರಕ್ತ ನೋಡಿ ಇನ್ನಷ್ಟು ಕಿರುಚಿದೆ.

ಆಮೇಲೆ ಮೈ ಸಡಿಲವಾಯಿತು. ಸಣ್ಣಗೆ ಅತ್ತ. ಕಣ್ಣು ಮುಚ್ಚಿ ನಿದ್ದೆಗೆ ಜಾರಿದ.

ಎದುರು ಮನೆಯವರ ಆಟೋ, ಅಡ್ಡ ಹೊಡೆಯುವ ಮಳೆ, ಜೋತು ಬಿದ್ದ ಟಾರ್ಪಾಲು. ದಾರಿಯಲ್ಲಿ ಎಷ್ಟು ಸಲ ಅವನ ಮೂಗಿನ ಹತ್ತಿರ ಬೆರಳು ಹಿಡಿದೆನೋ. ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕುಳಿತವರು ಮೂವತ್ತು ಜನರಿಗೆ ಕಡಿಮೆ ಇರಲಿಲ್ಲ. ಉಳಿದ ದಿನ ಒಂದು ನಂಬರ್ ಹಿಂದೆ ಮುಂದೆ ಆದರೆ ಜಗಳಕ್ಕೆ ನಿಲ್ಲುವ ನಾವೇ ಅವರೆಲ್ಲ. ಅಂದು ಯಾರೂ ಏನೂ ಕೇಳಲಿಲ್ಲ. ಚಪ್ಪಲಿಗಳನ್ನು ಕಾಲಿನಿಂದ ಸರಿಸಿ ದಾರಿ ಬಿಟ್ಟರು.

ಡಾಕ್ಟರು ಅವಸರ ಮಾಡಲಿಲ್ಲ. ಅದೇ ನನಗೆ ಸಿಟ್ಟು ಬರಿಸಿತು. ಮಗುವಿನ ಕತ್ತನ್ನು ನಿಧಾನವಾಗಿ ಎದೆಯ ಕಡೆಗೆ ಬಗ್ಗಿಸಿ ನೋಡಿದರು, ಕಿವಿಗೆ ಬೆಳಕು ಬಿಟ್ಟರು, ಗಂಟಲು ನೋಡಿದರು, ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿದರು. ಅವನು ಎಚ್ಚರಾಗಿ ಜೋರಾಗಿ ಅತ್ತಾಗ "ಒಳ್ಳೆಯದು, ಅಳಲಿ" ಎಂದರು. ನಂತರ ಶುರುವಾಯಿತು ಪ್ರಶ್ನೆಗಳ ಸಾಲು. ಎರಡೂ ಕೈಕಾಲು ಆಡಿತೇ, ಒಂದೇ ಪಕ್ಕವೇ? ಕಣ್ಣು ಮೇಲೆ ಹೋಯಿತೋ, ಪಕ್ಕಕ್ಕೆ ತಿರುಗಿತೋ? ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗೆ ಆಗಿತ್ತೇ? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಹೊತ್ತು?

ಹದಿನೈದು ನಿಮಿಷ ಎಂದು ಕೇಳಿ ಅವರು ಪೆನ್ನು ಕೆಳಗಿಟ್ಟರು. ಹಾಗಾದರೆ ಈ ರಾತ್ರಿಯೇ ಶಿವಮೊಗ್ಗಕ್ಕೆ ಹೊರಡಬೇಕು ಎಂದರು. ಆ ಮಳೆಯಲ್ಲಿ 70 ಕಿಲೋಮೀಟರ್. ಅಷ್ಟು ಹೊತ್ತು ಬಾಗಿಲ ಬಳಿ ಒದ್ದೆ ಸೆರಗು ಹಿಂಡಿಕೊಳ್ಳುತ್ತ ನಿಂತಿದ್ದ ಅತ್ತೆ ಆಗ ಬಾಯಿ ಬಿಟ್ಟರು.

"ಹದಿನೈದು ಎಲ್ಲಿಂದ ಬಂತು ಮಾರಾಯ್ತಿ? ನೀನು ಕೂಗಿದಾಗ ಕುಕ್ಕರ್ ಆಗಷ್ಟೇ ಒಂದು ಕೂಗು ಕೂಗಿತ್ತು. ನಾನು ಹೊರಗೆ ಓಡಿ ಬಂದೆ. ಎರಡನೆಯ ಕೂಗು ಕೂಗಿತು, ಒಲೆ ಆರಿಸಲಿಲ್ಲವಲ್ಲ ಎಂದುಕೊಂಡೆ. ಅಷ್ಟರಲ್ಲಿ ಮಗು ಅತ್ತಿತು."

ಡಾಕ್ಟರು ಅತ್ತೆಯನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುರ್ಚಿ ಎಳೆದು ಕೂರಲು ಹೇಳಿದರು. ಎಷ್ಟು ಲೀಟರಿನ ಕುಕ್ಕರ್, ಎರಡು ಕೂಗಿನ ನಡುವೆ ಸಾಮಾನ್ಯವಾಗಿ ಎಷ್ಟು ಹೊತ್ತಾಗುತ್ತದೆ ಎಂದೆಲ್ಲ ವಿಚಾರಿಸಿದರು. ಅತ್ತೆ ನಲವತ್ತು ವರ್ಷದ ಅನುಭವದಿಂದ ಉತ್ತರ ಕೊಟ್ಟರು. ಎರಡರಿಂದ ಮೂರು ನಿಮಿಷ ಎಂದು ತೀರ್ಮಾನವಾಯಿತು. ಶಿವಮೊಗ್ಗ ತಪ್ಪಿತು. ಅಲ್ಲೇ ಒಳಗಿನ ಮಂಚದಲ್ಲಿ ಮೂರು ಗಂಟೆ ಇಟ್ಟುಕೊಂಡು ನೋಡಿದರು. ಮನೆಗೆ ಬಂದಾಗ ಅನ್ನ ತಳ ಹಿಡಿದು ಇದ್ದಿಲಾಗಿತ್ತು. ಒಲೆ ಆರಿಸಿದ್ದು ಪಕ್ಕದ ಮನೆಯ ಅಜ್ಜಿ, ಮಗಳನ್ನು ಊಟ ಮಾಡಿಸಿ ಮಲಗಿಸಿದ್ದೂ ಅವರೇ.

ಆ ಮೂರು ಗಂಟೆಯಲ್ಲಿ ರೋಗಿಗಳ ನಡುವೆ ಬಿಡುವಾದಾಗಲೆಲ್ಲ ಡಾಕ್ಟರು ಬಂದು ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. ಇದು ಜ್ವರದಿಂದ ಬರುವ ಸೆಳೆತ. ಆರು ತಿಂಗಳಿನಿಂದ ಐದು ವರ್ಷದ ನಡುವಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ. ಮೂರ್ಛೆರೋಗ ಅಲ್ಲ, ಮೆದುಳಿಗೆ ಪೆಟ್ಟೂ ಅಲ್ಲ. ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಬರಬಹುದು, ವಯಸ್ಸಾದಂತೆ ನಿಂತು ಹೋಗುತ್ತದೆ. ಬಂದಾಗ ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಬೇಕು, ಜೊಲ್ಲು ಹೊರಗೆ ಹೋಗಲಿ. ಕೈಕಾಲು ಅದುಮಿ ಹಿಡಿಯಬಾರದು. ಐದು ನಿಮಿಷ ದಾಟಿದರೆ ಮೂಗಿಗೆ ಹೊಡೆಯುವ ಔಷಧಿ, ಆಸ್ಪತ್ರೆ.

"ಬಾಯಿಗೆ ಮಾತ್ರ ಏನೂ ಹಾಕಬೇಡಿ. ಈ ಒಸಡಿನ ಗಾಯ ಯಾರು ಮಾಡಿದ್ದು?"

ನಾನು ಅತ್ತೆಯ ಮುಖ ನೋಡಲಿಲ್ಲ. ಬೀಗದ ಕೈಯಿಂದ ಪ್ರಯೋಜನವಿಲ್ಲ, ಹಾನಿಯೂ ಇಲ್ಲ ಎಂದರು ಡಾಕ್ಟರು. ಚಮಚದಿಂದ ಹಲ್ಲು ಮುರಿದು ಶ್ವಾಸನಾಳಕ್ಕೆ ಹೋದದ್ದೂ ಉಂಟಂತೆ.

ಅದಕ್ಕಿಂತ ದೊಡ್ಡ ಪೆಟ್ಟು ಔಷಧಿಯ ಲೆಕ್ಕದಲ್ಲಿ ಕಾದಿತ್ತು. ಪ್ಯಾರಾಸಿಟಮಾಲ್ ಎಷ್ಟು ಕೊಟ್ಟಿರಿ ಎಂದರು. ಎರಡೂವರೆ ಎಂಎಲ್ ಎಂದೆ. ಯಾವ ಬಾಟಲಿ? ಬ್ಯಾಗಿನಿಂದ ತೆಗೆದು ತೋರಿಸಿದೆ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದು. ಮಗುವನ್ನು ಕಾಟಾದ ಮೇಲೆ ಕೂರಿಸಿದರು. 10 ಕಿಲೋ. ಕಿಲೋಗೆ 15 ಮಿಲಿಗ್ರಾಂ ಎಂದರೆ 150 ಬೇಕು, ನಾನು ಕೊಟ್ಟದ್ದು 62. ಅವನಿಗೆ ಎಂಟು ತಿಂಗಳಿದ್ದಾಗ, ಚೀಟಿಯಲ್ಲಿ ಬರೆದುಕೊಟ್ಟ ಆ ಎರಡೂವರೆಯನ್ನೇ ನಾನು ವರ್ಷವಿಡೀ ಮುಂದುವರಿಸಿದ್ದೆ. ಅದೇ ಹೆಸರಿನ, ಅದೇ ಕಿತ್ತಳೆ ಬಣ್ಣದ ಮಗಳ ಬಾಟಲಿಯಲ್ಲಿ 5 ಎಂಎಲ್‌ಗೆ 250 ಇತ್ತು. ಹನಿ ಔಷಧಿಯ ಪುಟ್ಟ ಬಾಟಲಿಯಲ್ಲಿ ಒಂದೇ ಎಂಎಲ್‌ಗೆ 100. ಕಂಪನಿಯವರು ಈ ಅಂಕಿಗಳನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಏಕೆ ಹಾಕುತ್ತಾರೆ ಎಂದು ಬೈದುಕೊಂಡೆ. ಸಾಲದ ಕಾಗದದ ಸಣ್ಣ ಅಕ್ಷರವನ್ನು ಸದಸ್ಯರಿಗೆ ಓದಿ ಹೇಳುವುದು ನನ್ನದೇ ಕೆಲಸ ಎಂಬುದು ಮಾತ್ರ ಆಗ ನೆನಪಾಗಲಿಲ್ಲ.

"ಹಾಗಾದರೆ ನನ್ನಿಂದಲೇ ಆಯಿತಾ?"

"ಇಲ್ಲ ಅಮ್ಮ. ಸರಿಯಾದ ಪ್ರಮಾಣ ಕೊಟ್ಟಿದ್ದರೂ ಇದು ಬರುವುದಾದರೆ ಬರುತ್ತಿತ್ತು. ಜ್ವರದ ಔಷಧಿ ಮಗುವಿಗೆ ಹಾಯೆನಿಸಲಿಕ್ಕೆ, ಸೆಳೆತ ತಡೆಯಲಿಕ್ಕಲ್ಲ."

ಅವರು ಹೇಳಿದ್ದು ಅರ್ಥವಾಯಿತು, ಸಮಾಧಾನ ಆಗಲಿಲ್ಲ. ಸಮಾಧಾನಕ್ಕೆ ಬಂಧುಗಳೂ ಬಿಡಲಿಲ್ಲ. ಮರುದಿನದಿಂದ ಮೊಬೈಲಿಗೆ ಬಿಡುವಿಲ್ಲ. ತಲೆ ಸ್ಕ್ಯಾನ್ ಮಾಡಿಸಿದಿರಾ, ಮಣಿಪಾಲಕ್ಕೆ ಏಕೆ ಹೋಗಲಿಲ್ಲ, ನಾಗನಿಗೆ ಹೇಳಿಕೊಂಡಿರಾ. ಇದಕ್ಕೆ ಸ್ಕ್ಯಾನ್ ಬೇಡವಂತೆ ಎಂದರೆ "ಡಾಕ್ಟರು ಹಾಗೆ ಹೇಳುತ್ತಾರೆ" ಎಂಬ ಉತ್ತರ. ಯಜಮಾನರು ತೋಟದಿಂದ ಬೋರ್ಡೋ ನೀಲಿ ಮೆತ್ತಿದ ಕೈಯಲ್ಲೇ ಬಂದು, ಮಲಗಿದ ಮಗುವಿನ ಪಕ್ಕ ಕೂತು, ಏನೂ ಮಾತಾಡಲಿಲ್ಲ. ಆ ವಾರ ರಾತ್ರಿ ಮಗು ಮಗ್ಗುಲು ಬದಲಿಸಿದರೂ ನಾವಿಬ್ಬರೂ ಎದ್ದು ಕೂರುತ್ತಿದ್ದೆವು. ಬೆಳಿಗ್ಗೆ ಕುಕ್ಕರ್ ಮೊದಲ ಕೂಗು ಹಾಕಿದರೆ ನನ್ನ ಕೈಯಲ್ಲಿದ್ದ ಲೋಟ ನಡುಗುತ್ತಿತ್ತು.

ಮಲಗುವ ಕೋಣೆಯ ಗೋಡೆಗೆ ಒಂದು ಗಡಿಯಾರ ತಂದು ಹಾಕಿದೆ, ಸೆಕೆಂಡಿನ ಕೆಂಪು ಮುಳ್ಳು ಇರುವಂಥದ್ದು. ಕಿಟಕಿಕಟ್ಟೆಯ ಬಾಟಲಿಗಳಿಗೆಲ್ಲ ಕಾಗದ ಅಂಟಿಸಿ ಹೆಸರು, ತೂಕ, ಎಂಎಲ್ ಬರೆದೆ.

ಎರಡನೆಯ ಸಲ ಬಂದದ್ದು ಮಾರ್ಚ್ ತಿಂಗಳಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಆ ತಿಂಗಳಲ್ಲಿ ಜ್ವರ ಎಂದರೆ ನಮ್ಮ ಕಡೆಯ ಭಯವೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ, 2018-19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳನ್ನು ತಂದದ್ದು, ಇಲ್ಲಿ ಯಾರಿಗೂ ಮರೆತಿಲ್ಲ. ಹಿಂದಿನ ವಾರವಷ್ಟೇ ಮಗುವನ್ನು ಊರಿಗೆ ಕರೆದುಕೊಂಡು ಹೋಗಿದ್ದೆವು. ಕೊಟ್ಟಿಗೆಗೆ ತಂದ ದರಕಿನಲ್ಲಿ, ಅಂದರೆ ಕಾಡಿನ ಒಣ ಎಲೆಯಲ್ಲಿ, ಕಚ್ಚಿ ಆ ಕಾಯಿಲೆ ಹರಡುವ ಉಣುಗು ಹುಳ ಇತ್ತೇನೋ ಎಂದು ಅವನ ಮೈಯೆಲ್ಲ ಹುಡುಕುತ್ತಿರುವಾಗಲೇ ಕಣ್ಣು ಮೇಲೆ ಹೋಯಿತು.

ಚಾಪೆಯ ಮೇಲೆ ಮಗ್ಗುಲಿಗೆ ಮಲಗಿಸಿದೆ. ಯಜಮಾನರು ಅಡುಗೆಮನೆಗೆ ಓಡಿ ಚಮಚ ತಂದರು. ಅತ್ತೆ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಬೀಗದ ಕೈಯನ್ನು ಮೊಮ್ಮಗನ ಅಂಗೈಗೆ ಇಟ್ಟರು. ನಾನು ಬೇಡ ಎನ್ನಲಿಲ್ಲ. ಗಡಿಯಾರ ನೋಡಬೇಕು ಎಂದು ಎಂಟು ತಿಂಗಳು ಮನಸ್ಸಿನಲ್ಲೇ ತಾಲೀಮು ಮಾಡಿದ್ದೆ. ನನ್ನ ಕಣ್ಣು ಅವನ ತುಟಿಯಿಂದ ಕೀಳಲಿಲ್ಲ.

ಕ್ಲಿನಿಕ್ಕಿನಲ್ಲಿ ಮೊದಲು ಉಣುಗಿನ ವಿಷಯ ಕೇಳಿದರು, ಗಂಟಲು ನೋಡಿ ಟಾನ್ಸಿಲ್ ಎಂದರು, ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ಅದೇ ಪ್ರಶ್ನೆ. ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅತ್ತೆ ಮನೆಯಲ್ಲೇ ಉಳಿದಿದ್ದರು.

"ಕೆಂಪು ಮುಳ್ಳು ಎರಡರ ಹತ್ತಿರ ಇತ್ತು" ಎಂದಳು ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿದ್ದ ಮಗಳು. ಗಡಿಯಾರ ನೋಡುವುದನ್ನು ಶಾಲೆಯಲ್ಲಿ ಅದೇ ತಿಂಗಳು ಕಲಿಸಿದ್ದರು. "ಒಂದು ಸುತ್ತು ಪೂರ್ತಿ ಹಾಕಿತು. ಆಮೇಲೆ ಎಂಟಕ್ಕೆ ಬಂದಾಗ ಪುಟ್ಟ ಅತ್ತ."

ಡಾಕ್ಟರು ಒಂದೂವರೆ ನಿಮಿಷ ಎಂದು ಬರೆದುಕೊಂಡರು. ಅವಳು ಚಪ್ಪಲಿ ಕಳಚಿ, ಯಾರೂ ಕರೆಯದಿದ್ದರೂ, ತನ್ನ ತೂಕವನ್ನೂ ನೋಡಿ ಎಂದು ಕಾಟಾ ಹತ್ತಿ ನಿಂತಳು. 19 ಕಿಲೋ.