ಮಳೆಯ ದಿನ ಪೊಂಪೇಯಿ: ಗುಂಪು ನಡೆಸುವವರು ತಿಳಿದಿರಬೇಕಾದ್ದು

ದಸರಾ ರಜೆಗೆ ಇಟಲಿಗೆ ಹೊರಡುವ ಗುಂಪುಗಳದ್ದು ಒಂದೇ ತೊಡಕು. ನೇಪಲ್ಸ್ ಸುತ್ತಮುತ್ತ ಬೇಸಿಗೆ ಪೂರ್ತಿ ಒಣಗಿರುತ್ತದೆ. ಮಳೆ ಹಿಡಿಯುವುದು ಸೆಪ್ಟೆಂಬರ್ ಕೊನೆಗೆ, ಜೋರಾಗುವುದು ನವೆಂಬರ್ ಹೊತ್ತಿಗೆ. ಏಪ್ರಿಲ್‌–ಮೇ ಪ್ರವಾಸಕ್ಕೆಂದು ಮಾಡಿಟ್ಟ ಪಟ್ಟಿಯನ್ನೇ ಅಕ್ಟೋಬರ್‌ಗೂ ಬಳಸಿದರೆ ಪೊಂಪೇಯಿಯಲ್ಲಿ, ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಆ ರೋಮನ್ ಊರಿನಲ್ಲಿ, ಪೂರ್ತಿ ದಿನ ಹಾಳು. ಹಾಗಂತ ಮಳೆ ಬಂತೆಂದು ಭೇಟಿ ರದ್ದು ಮಾಡುವುದೂ ದಡ್ಡತನ. ಈ ಊರಿನಲ್ಲಿ ನೀರು ಹೇಗೆ ಹರಿಯುತ್ತಿತ್ತು ಅನ್ನುವುದು ಮಳೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬಿಸಿಲಲ್ಲಿ ಕಾಣುವುದಿಲ್ಲ.

ಹಿಂದಿನ ಸಂಜೆಯೇ ಕಂಪಾನಿಯಾ ಪ್ರಾಂತ್ಯದ ಹವಾಮಾನ ಎಚ್ಚರಿಕೆ ನೋಡಿಡಿ. ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಹಂತ. ಬಿರುಗಾಳಿ–ಮಳೆ ಜೋರಾಗಿದ್ದರೆ ಇಡೀ ತಾಣವನ್ನೇ ಮುಚ್ಚುವುದುಂಟು, ಆದ್ದರಿಂದ ಬದಲಿ ಯೋಜನೆ ಜೇಬಲ್ಲೇ ಇರಲಿ. ಟಿಕೆಟ್ ವಿಷಯದಲ್ಲಿ ಈಗ ಸಡಿಲಿಕೆ ಇಲ್ಲ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ಟಿನ ಮೇಲೆ ಹೆಸರೂ ಇರುತ್ತದೆ. ಹೆಸರು ತಾಳೆ ನೋಡಲು ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟ್ ಹೋಟೆಲ್ ಲಾಕರಿನಲ್ಲಿ ಬಿಟ್ಟುಬಂದವರಿಂದ ಇಡೀ ಗುಂಪು ಮಳೆಯಲ್ಲಿ ನಿಲ್ಲಬೇಕಾಗುತ್ತದೆ. 18ಕ್ಕಿಂತ ಚಿಕ್ಕವರಿಗೆ ಪ್ರವೇಶ ಉಚಿತ, ಆದರೆ ಅವರ ವಯಸ್ಸಿಗೂ ದಾಖಲೆ ಬೇಕು. ಚೀಲ 30×30×15 ಸೆಂ.ಮೀ. ಮೀರಿದರೆ ಒಳಗೆ ಬಿಡುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆ 5ಕ್ಕೇ ಬಾಗಿಲು ಹಾಕುತ್ತಾರೆ, ಕೊನೆಯ ಪ್ರವೇಶ 3:30ಕ್ಕೆ.

ನೇಪಲ್ಸ್‌ನಿಂದ ರೈಲಾದರೆ ಸೊರೆಂತೋ ಕಡೆಯ ಚಿರ್ಕುಂವೆಸುವಿಯಾನಾ ಹತ್ತಿ ‘ಪೊಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ’ಯಲ್ಲಿ ಇಳಿಯಬೇಕು. ಪೊಂಪೇಯಿ ಹೆಸರಿನ ಬೇರೆ ನಿಲ್ದಾಣಗಳೂ ಇವೆ, ಬೇರೆ ಮಾರ್ಗಗಳ ಮೇಲೆ. ತಪ್ಪಾಗುವುದು ಇಲ್ಲೇ. ಸರಿಯಾದದ್ದರಲ್ಲಿ ಇಳಿದರೆ ಪೋರ್ತಾ ಮರೀನಾ ದ್ವಾರ ಎದುರಿಗೇ ಇದೆ.

ಇನ್ನು ಕಾಲಿನ ಮಾತು. ಬೀದಿಗಳಿಗೆ ಹಾಸಿರುವುದು ಜ್ವಾಲಾಮುಖಿಯ ಕಪ್ಪು ಕಲ್ಲು, ಅಂಚುಗಳು ಓರೆಕೋರೆ. ಗಾಡಿ ಚಕ್ರ, ಎಷ್ಟೋ ತಲೆಮಾರುಗಳ ಕಾಲು ತೀಡಿ ತೀಡಿ ಮೇಲ್ಮೈ ನುಣುಪಾಗಿದೆ. ಅದರ ಮೇಲೆ ನೀರೂ ತೆಳುವಾದ ಕೆಸರೂ ಸೇರಿದರೆ ಎಣ್ಣೆ ಬಿದ್ದ ಅಡುಗೆಮನೆ ನೆಲವೇ ಸೈ. ರಬ್ಬರ್ ಚಪ್ಪಲಿ, ಸವೆದ ಸ್ಪೋರ್ಟ್ಸ್ ಶೂ ಎರಡೂ ಬೇಡ; ಆಳವಾದ ಗೀರುಗಳಿರುವ ಅಟ್ಟೆಯ ಶೂ ಬೇಕು. ಸೀರೆಯಲ್ಲೇ ಬರುತ್ತೇನೆ ಅನ್ನುವ ಅಮ್ಮಂದಿರಿಗೆ ನೆರಿಗೆ ಪಾದದಿಂದ ನಾಲ್ಕು ಬೆರಳು ಮೇಲೆ ಉಡಲು ಮೊದಲೇ ಹೇಳಿ. ಕೊಡೆಗಿಂತ ಪಾಂಚೋ, ಅಂದರೆ ತಲೆಯ ಮೇಲಿಂದ ತೊಡುವ ಮಳೆ ಹೊದಿಕೆ, ಮೇಲು. ಕೈ ಎರಡೂ ಖಾಲಿ ಇರುತ್ತವೆ, ಕಿರಿದಾದ ಮನೆಯೊಳಗೆ ಕೊಡೆಯ ಮೊನೆ ಭಿತ್ತಿಚಿತ್ರಕ್ಕೆ ತಾಗುವ ಭಯವೂ ಇಲ್ಲ. ಗೈಡ್ ಮಾತು ಕೇಳುವ ರಿಸೀವರ್ ಪಾಂಚೋದ ಒಳಗಿರಲಿ. ಹೊರಗೆ ನೇತುಹಾಕಿದರೆ ನೀರು ಇಳಿದು ಗೊರಗೊರ ಶುರುವಾಗುತ್ತದೆ.

ಪೋರ್ತಾ ಮರೀನಾದ ಏರು ಕಡಿದಾಗಿದೆ. ಮೊಣಕಾಲು ನೋವಿರುವವರಿದ್ದರೆ ಆಂಫಿಥಿಯೇಟರ್ ಕಡೆಯ ದ್ವಾರದಿಂದ ಶುರುಮಾಡಿ. ಗಾಲಿಕುರ್ಚಿಗೆಂದು ಸಮಮಾಡಿದ ಹಾದಿ, ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ್ದು, ಅಲ್ಲಿಂದಲೇ ಹೊರಡುತ್ತದೆ.

ಹಾದಿಯನ್ನು ಮೊಟಕು ಮಾಡಲೇಬೇಕು. ಫೋರಮ್ (ಊರಿನ ಮುಖ್ಯ ಚೌಕ) ಬಯಲು, ಆಂಫಿಥಿಯೇಟರ್, ನಾಟಕಶಾಲೆಯ ಮೆಟ್ಟಿಲು, ಇವೆಲ್ಲ ಬಟಾಬಯಲು. ಒಂದು ನೋಟ ಹಾಕಿ ಮುಂದೆ ನಡೆಯಿರಿ. ಮಳೆ ಜೋರಾದಾಗ ನಿಲ್ಲಬೇಕಾದದ್ದು ಫೋರಮ್‌ನ ಸ್ನಾನಗೃಹದಲ್ಲಿ, ಅಲ್ಲಿ ಕಮಾನು ಚಾವಣಿ ಉಳಿದಿದೆ. ಸ್ತಾಬಿಯಾ ಸ್ನಾನಗೃಹದ ಬಟ್ಟೆ ಬದಲಿಸುವ ಕೋಣೆಯೂ ಆದೀತು. 2023ರಲ್ಲಿ ಮತ್ತೆ ತೆರೆದ ವೆತ್ತಿ ಸಹೋದರರ ಮನೆಗೆ ಚಾವಣಿಯೇನೋ ಇದೆ. ಆದರೆ ಎಲ್ಲ ಗುಂಪುಗಳಿಗೂ ಅದೇ ಉಪಾಯ ಹೊಳೆಯುವುದರಿಂದ ಸಾಲು ಹೊರಗೆ ಮಳೆಯಲ್ಲೇ ಬೆಳೆಯುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಅಲ್ಲಿಗೆ ಹೋದರೆ ಮಾತ್ರ ಲಾಭ.

ಎಷ್ಟೇ ಮಳೆಯಿದ್ದರೂ ಹತ್ತು ನಿಮಿಷ ಕೊಡಬೇಕಾದ ಜಾಗ ಯಾವುದಾದರೂ ದೊಡ್ಡ ಮನೆಯ ನಡುಮನೆ. ನಮ್ಮವರಿಗೆ ‘ಆಟ್ರಿಯಂ’ ಅಂತ ಲ್ಯಾಟಿನ್ ಹೇಳುತ್ತಾ ಕೂರಬೇಡಿ, ‘ತೊಟ್ಟಿ ಮನೆ’ ಅಂದರೆ ಸಾಕು. ನಾಲ್ಕು ಕಡೆಯ ಚಾವಣಿಯೂ ಒಳಮುಖವಾಗಿ ಇಳಿಜಾರು, ನಡುವೆ ಆಕಾಶಕ್ಕೆ ತೆರೆದ ಚೌಕ, ಅದರ ನೇರ ಕೆಳಗೆ ನೆಲದಲ್ಲಿ ಆಳವಿಲ್ಲದ ಕಲ್ಲಿನ ತೊಟ್ಟಿ. ಸುಟ್ಟಮಣ್ಣಿನ ದೋಣಿಬಾಯಿಗಳಿಂದ ಸುರಿದ ನೀರು ತೊಟ್ಟಿಗೆ ಬಿದ್ದು, ಅಲ್ಲಿನ ಕಿಂಡಿಯ ಮೂಲಕ ನೆಲದಡಿಯ ಗುಂಡಿಗೆ ಇಳಿಯುತ್ತದೆ. ತೊಟ್ಟಿಯ ಪಕ್ಕದ ಕಲ್ಲಿನ ಬಾಯಿಗಟ್ಟಿನಿಂದ ಹಗ್ಗ ಬಿಟ್ಟು ಸೇದಿಕೊಳ್ಳುತ್ತಿದ್ದರು. ಹೆಚ್ಚಾದದ್ದು ಸಣ್ಣ ಕಾಲುವೆಯಲ್ಲಿ ಬೀದಿಗೆ. ಚಾವಣಿ ಮತ್ತೆ ಕಟ್ಟಿರುವ ಮನೆಯಲ್ಲಿ ಇದೆಲ್ಲ ಕಣ್ಣೆದುರೇ ನಡೆಯುತ್ತಿರುತ್ತದೆ, ಗೈಡ್ ಬಾಯಿ ಬಿಡುವ ಮುಂಚೆಯೇ ಅಜ್ಜಿಯರು ಉಳಿದವರಿಗೆ ವಿವರಿಸಲು ತೊಡಗುತ್ತಾರೆ. ಅಂದಹಾಗೆ, ಒಳಗೆ ಅಧಿಕೃತ ವಿವರಣೆ ಕೊಡುವ ಕೆಲಸ ಪರವಾನಗಿ ಪಡೆದ ಗೈಡ್‌ಗಳದ್ದು. ಟೂರ್ ಮ್ಯಾನೇಜರ್ ಕೈಯೆತ್ತಿ ಭಾಷಣ ಶುರುಮಾಡಿದರೆ ದಂಡದ ದಾರಿ.

ಬೀದಿಯ ದಾಟುಗಲ್ಲುಗಳನ್ನೂ ಮಳೆಯಲ್ಲೇ ತೋರಿಸಬೇಕು. ಊರಿಗೆ ನೆಲದಡಿಯ ಚರಂಡಿ ಇದ್ದದ್ದು ಕಡಿಮೆ, ಅದೂ ಹೆಚ್ಚಾಗಿ ಫೋರಮ್ ಸುತ್ತ. ಮಿಕ್ಕ ಕಡೆ ಮಳೆನೀರು, ಬಚ್ಚಲ ನೀರು, ಕಾರಂಜಿಯಿಂದ ಉಕ್ಕಿದ ನೀರು ಎಲ್ಲ ಬೀದಿಯ ಮೇಲೆಯೇ. ಉತ್ತರದ ವೆಸೂವಿಯಸ್ ದ್ವಾರದಿಂದ ದಕ್ಷಿಣದ ಸ್ತಾಬಿಯಾ ದ್ವಾರಕ್ಕೆ ನೆಲ 30 ಮೀಟರಿಗೂ ಹೆಚ್ಚು ಇಳಿಯುತ್ತದೆ, ಆ ಇಳಿಜಾರೇ ಊರಿನ ಚರಂಡಿ. ಕಾಲು ನೆನೆಯದೆ ದಾಟಲು ಎತ್ತರದ ಕಲ್ಲುಗಳು, ಅವುಗಳ ನಡುವೆ ಗಾಡಿ ಚಕ್ರಕ್ಕೆ ಸಂದು. ಫೋಟೊಗಾಗಿ ಒದ್ದೆ ದಾಟುಗಲ್ಲಿನ ಮೇಲೆ ನಿಲ್ಲುವುದು, ಅದರಿಂದ ಇದಕ್ಕೆ ಜಿಗಿಯುವುದು ಬೇಡವೇ ಬೇಡ. ಪಕ್ಕದ ಕಾಲುಹಾದಿಯಲ್ಲಿ ನಿಂತು ತೆಗೆಯಲಿ.

ಮಳೆ ಬಂತೆಂದು ಗೋಡೆಗೆ ಒರಗಿ ನಿಲ್ಲುವವರನ್ನು ಕೂಡಲೇ ಸರಿಸಿ. ಕ್ರಿ.ಶ. 79ರಲ್ಲಿ ಹೂತುಹೋದ ಈ ಗೋಡೆಗಳು ಚಾವಣಿಯ ಕೆಳಗೆ ಇರಲೆಂದು ಕಟ್ಟಿದವು. 1748ರಿಂದ ಅಗೆದು ತೆಗೆದ ಮೇಲೆ ಬಹುಪಾಲಿಗೆ ತಲೆಯ ಮೇಲೆ ಏನೂ ಇಲ್ಲ. ಗಾರೆಗೆ ನೀರು ಇಳಿಯುತ್ತದೆ. ಇನ್ನೂ ಅಗೆಯದ ಕಡೆಯ ಮಣ್ಣು ನೀರು ಕುಡಿದು ಭಾರವಾಗಿ ಪಕ್ಕದ ಗೋಡೆಯನ್ನು ದೂಡುತ್ತದೆ. 2010ರ ನವೆಂಬರ್ 6ರಂದು ಸ್ಕೋಲಾ ಅರ್ಮಾತುರಾರುಮ್ ಕಟ್ಟಡ ಕುಸಿದುಬಿದ್ದದ್ದು ಭಾರಿ ಮಳೆಯ ಬೆನ್ನಿಗೇ. ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾದ ಮೇಲೆ ಅದಕ್ಕೆ ಹೊರಿಸಿದ್ದ ಕಾಂಕ್ರೀಟ್ ಚಾವಣಿಯ ಭಾರವೂ ಸೇರಿತ್ತು. ಮುಂದೆ 10.5 ಕೋಟಿ ಯೂರೋದ ದುರಸ್ತಿ ಯೋಜನೆ ಹುಟ್ಟಿದ್ದು ಈ ಗದ್ದಲದಿಂದಲೇ. ಹಗ್ಗ ಕಟ್ಟಿದ ಬಾಗಿಲೊಳಗೆ ‘ಎರಡೇ ನಿಮಿಷ’ ಅಂತ ಆಸರೆ ಪಡೆಯುವುದಕ್ಕೂ ಇದೇ ಉತ್ತರ.

ಮಳೆ ನಿಲ್ಲುವ ಸೂಚನೆಯೇ ಇಲ್ಲದಿದ್ದರೆ ಬದಲಿ ಎರಡು. ಅದೇ ರೈಲು ಮಾರ್ಗದ ಎರ್ಕೊಲಾನೊ (ಪೊಂಪೇಯಿಯ ಜೊತೆಗೇ ಹೂತುಹೋದ ಹರ್ಕ್ಯುಲೇನಿಯಂ) ಚಿಕ್ಕ ಊರು, ಮೇಲಂತಸ್ತು, ಚಾವಣಿ, ಸುಟ್ಟು ಕರಕಾದ ಮರದ ತೊಲೆಗಳ ಸಮೇತ ಉಳಿದಿದೆ. ಒಂದೂವರೆ–ಎರಡು ಗಂಟೆ ಸಾಕು. ಇನ್ನೊಂದು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯ, ಮಂಗಳವಾರ ರಜೆ. ಪೊಂಪೇಯಿಯಿಂದ ಕಿತ್ತುತಂದ ಮೂಲ ಚಿತ್ರಗಳು ಇರುವುದು ಅಲ್ಲೇ. 1938ರಲ್ಲಿ ಪೊಂಪೇಯಿಯ ಮನೆಯೊಂದರಲ್ಲಿ ಸಿಕ್ಕ, ಭಾರತದಿಂದ ಹೋದ ಸುಮಾರು ಒಂದು ಗೇಣೆತ್ತರದ ದಂತದ ಹೆಣ್ಣು ಬೊಂಬೆಯೂ ಅಲ್ಲಿದೆ. ‘ಪೊಂಪೇಯಿ ಲಕ್ಷ್ಮಿ’ ಎಂದೇ ಹೆಸರು. ಯಕ್ಷಿ ಇರಬೇಕು ಅನ್ನುವವರೂ ಇದ್ದಾರೆ. ಲಕ್ಷ್ಮಿ ಅಂದಕೂಡಲೇ ಎಲ್ಲರೂ ನೋಡಬೇಕು ಅನ್ನುತ್ತಾರೆ. ಆದರೆ ಅದನ್ನು ಇಟ್ಟಿರುವುದು ‘ರಹಸ್ಯ ಕೋಣೆ’ಯಲ್ಲಿ, ಸುತ್ತ ಇರುವುದೆಲ್ಲ ರೋಮನ್ನರ ಶೃಂಗಾರ ಚಿತ್ರ, ಶಿಲ್ಪಗಳು. 14ಕ್ಕಿಂತ ಚಿಕ್ಕವರಿಗೆ ದೊಡ್ಡವರ ಜೊತೆ ಮಾತ್ರ ಪ್ರವೇಶ. ಮೂರು ತಲೆಮಾರು ಒಟ್ಟಿಗೆ ಬಂದಿರುವ ಕುಟುಂಬಕ್ಕೆ ಈ ಮಾತನ್ನು ಕೋಣೆಯ ಬಾಗಿಲಲ್ಲಲ್ಲ, ಬಸ್ಸಿನಲ್ಲೇ ಹೇಳಿಬಿಡಿ.